ಬೊಮ್ಮಯ್ಯ ಮಾಮನ ಹಸಿರು ದೀಪ

ಏರ್ ಕಂಡಿಷನ್ ಮೆಷಿನ್‌ಗೆ ಗ್ಯಾಸ್ ತುಂಬುವ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು, “ಎಷ್ಟು ಆಕ್ಬೇಕು ತಾತಾ?” ಎಂದು. ಎಷ್ಟು ಹಾಕಬೇಕೆಂಬುದು ಮೆಷಿನ್ನಿನ ಮೈಮೇಲಿನ ತಗಡಿನಲ್ಲೇ ಬರೆದಿರುತ್ತದೆ, ಕಣ್ಣಿದ್ದವರು ಓದಿಕೊಳ್ಳಬಹುದು. ಯಾವಾಗ ಹಾಕಬಾರದು, ಯಾವಾಗ ಕೈ ಹಿಂದಕ್ಕೆ ತೆಗೆಯಬೇಕು ಎಂಬುದನ್ನು ಮಾತ್ರ ಯಾರೂ ಬರೆದು ಅಂಟಿಸಿರುವುದಿಲ್ಲ. ಅದನ್ನು ನನಗೆ ಕಲಿಸಿದವರು ಬೊಮ್ಮಯ್ಯ ಮಾಮ. ನನ್ನ ಕೆಲಸದ ಕಥೆ ಹೇಳು ಎಂದರೆ ನಾನು ಅವರಿಂದಲೇ ಶುರು ಮಾಡಬೇಕು.

ನಾವು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದವರು. ಇಲ್ಲಿಗೆ ಯಾವ ಕಾಲದಲ್ಲಿ ಬಂದೆವೋ ನಮ್ಮ ಅಜ್ಜಂದಿರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಓದು ಬರಹವೆಲ್ಲ ತಮಿಳೇ. ಮೈಸೂರಿಗೆ ತರಬೇತಿಗೆ ಹೋಗಿದ್ದಾಗ ಬಸ್ಸಿನ ಬೋರ್ಡುಗಳನ್ನು ಓದಿ ಓದಿ ನಾನು ಕನ್ನಡ ಅಕ್ಷರ ಕಲಿತೆ. ಮೊದಮೊದಲು ಮೂರು ಸಲ ತಪ್ಪು ಬಸ್ಸು ಹತ್ತಿದ್ದೇನೆ. ಆ ಅಕ್ಷರಗಳು ಈಗ ಕೆಲಸಕ್ಕೆ ಬಂದವು ನೋಡಿ.

ಬೊಮ್ಮಯ್ಯ ಮಾಮ ದೂರದ ಸಂಬಂಧದಲ್ಲಿ ನನಗೆ ಸೋದರಮಾವ. ಊರು ಚಿನ್ನಮನೂರಿನ ಪಕ್ಕದ ಮಾರ್ಕಯನ್‌ಕೋಟ್ಟೈ. ತೇನಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅವರ ಸರ್ವೀಸ್ ಅಂಗಡಿ. ಕಲ್ಯಾಣ ಮಂಟಪ, ಜವಳಿ ಅಂಗಡಿ, ಆಸ್ಪತ್ರೆ, ಪಳನಿಯ ಲಾಡ್ಜುಗಳು, ದಿಂಡಿಗಲ್ಲಿನ ಆಫೀಸುಗಳು, ಎಲ್ಲಿ ದೊಡ್ಡ ಮೆಷಿನ್ ಇತ್ತೋ ಅಲ್ಲಿ ಮಾಮನ ಸ್ಕೂಟರ್ ನಿಂತಿರುತ್ತಿತ್ತು. ಹಿಂದಿನ ಸೀಟಿನಲ್ಲಿ ಗ್ಯಾಸ್ ಸಿಲಿಂಡರ್ ಅಪ್ಪಿಕೊಂಡು ನಾನು. ಸಿಲಿಂಡರನ್ನು ಹಾಗೆಲ್ಲ ಹೊತ್ತೊಯ್ಯಬಾರದು. ನೀವು ಹಾಗೆ ಮಾಡಿದ್ದು ಕಂಡರೆ ನಾನೇ ಬಯ್ಯುತ್ತೇನೆ.

ಸಂಜೆ ಕೆಲಸ ಮುಗಿಸಿ ಮಾರ್ಕಯನ್‌ಕೋಟ್ಟೈಗೆ ಹೋದರೆ ವೀರಮ್ಮತ್ತೆ ಎಲೆ ಹಾಕಿರುತ್ತಿದ್ದರು. ಮಾಮ ಕೂತ ಮೇಲೆ ನಾನು ಕೂರಬೇಕು. ಮಾಮನ ಎಲೆಗೆ ಅನ್ನ ಬಿದ್ದ ಮೇಲೆ ನನ್ನ ಎಲೆಗೆ. ನೆಂಟರು ಬರಲಿ, ಅಳಿಯಂದಿರು ಬರಲಿ, ಆ ಮನೆಯಲ್ಲಿ ಮೊದಲ ಸೌಟು ಮಾಮನಿಗೇ. ಅದನ್ನು ಯಾರೂ ನಿಯಮ ಎಂದು ಹೇಳಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ನನ್ನ ಹಸಿವಿಗೆ ಆ ಒಂದು ಸೌಟಿನ ಕಾಯುವಿಕೆಯೇ ದೊಡ್ಡದಾಗಿ ಕಾಣುತ್ತಿತ್ತು.

ಆಗಿನ ಗ್ಯಾಸ್ ತುಂಬುವ ರೀತಿಯೇ ಬೇರೆ. ಈಗಿನಂತೆ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ತೂಕ ನೋಡಿ ತುಂಬುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಮಾಮ ಗೇಜಿನ ಮೇಲೆ ಒಂದು ಕಣ್ಣಿಟ್ಟು, ಮೆಷಿನ್‌ಗೆ ವಾಪಸ್ಸು ಬರುವ ಪೈಪನ್ನು ಅಂಗೈಯಿಂದ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಪೈಪು ತಣ್ಣಗಾಗಿ, ನೀರು ತುಂಬಿದ ಮಣ್ಣಿನ ಕೊಡದಂತೆ ಬೆವರಬೇಕು. ಬೆವರದಿದ್ದರೆ ಗ್ಯಾಸ್ ಕಡಿಮೆ. ಮಂಜು ಕಟ್ಟಿತೋ, ಬೇರೇನೋ ಕೆಟ್ಟಿದೆ, ಗ್ಯಾಸ್ ಮುಟ್ಟಬೇಡ. ಒಂದೊಂದು ಗುಟುಕೇ ಬಿಡಬೇಕು. ಒಂದೇ ಸಲಕ್ಕೆ ಬಿಟ್ಟರೆ ಗ್ಯಾಸು ದ್ರವವಾಗಿಯೇ ಕಂಪ್ರೆಸರಿಗೆ ನುಗ್ಗಿ ಒಳಗಿನ ವಾಲ್ವುಗಳನ್ನು ಮುರಿದು ಹಾಕುತ್ತದೆ. ನಾನು ಅವಸರಪಟ್ಟು ವಾಲ್ವು ತಿರುಗಿಸಲು ಹೋದರೆ ಮಾಮ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಡುತ್ತಿದ್ದರು.

“ಕೊಂಚ ಪೊರು ಅಳಿಯಾ. ಕೂಸಿಗೆ ಆಲು ಕುಡಿಸ್ದಂಗೆ ಕುಡಿಸ್ಬೇಕು. ಒಳ್ಳೆಲಿ ಉಯ್ದುಬುಟ್ರೆ ಪೊರೆ ಏರ್ತದೆ.”

ಪೊರು ಎಂದರೆ ತಾಳು, ಒಳ್ಳೆ ಎಂದರೆ ಕೂಸಿಗೆ ಹಾಲು ಹುಯ್ಯುವ ಒಳಲೆ, ಪೊರೆ ಏರುವುದೆಂದರೆ ಹಾಲು ನೆತ್ತಿಗೇರುವುದು. ನಮ್ಮ ಕನ್ನಡದಲ್ಲಿ ಇಂಥ ಮಾತುಗಳು ಎಷ್ಟೋ ಇವೆ, ಎಲ್ಲಿ ತಮಿಳು ಮುಗಿದು ಎಲ್ಲಿ ಕನ್ನಡ ಶುರುವಾಗುತ್ತದೋ ನಮಗೇ ತಿಳಿಯದು. ಮಾಮನ ಆ ಎರಡು ಬೆರಳು ಮಣಿಕಟ್ಟಿನ ಮೇಲೆ ಈಗಲೂ ಇದ್ದಂತೆ ಅನಿಸುತ್ತದೆ.

ಪಳನಿಯ ಒಂದು ಲಾಡ್ಜಿನ ಕಥೆ ಹೇಳಲೇಬೇಕು. ಮೆಷಿನ್ ತಣ್ಣಗಾಗುತ್ತಿಲ್ಲ ಎಂದು ಮ್ಯಾನೇಜರ್ ಯಾರು ಯಾರನ್ನೋ ಕರೆಸಿ ಗ್ಯಾಸ್ ಹಾಕಿಸಿದ್ದರು. ಬಂದವನೆಲ್ಲ ಒಂದಿಷ್ಟು ತುಂಬಿ ಹೋಗಿದ್ದ. ಒಳಗಿನ ಒತ್ತಡ ಏರಿ ಏರಿ ಕಂಪ್ರೆಸರ್ ಗರಗರ ಎನ್ನುತ್ತಿತ್ತು. ಮಾಮ ಗೇಜು ಹಾಕಲಿಲ್ಲ. ಕಟ್ಟಡವನ್ನು ಒಂದು ಸುತ್ತು ಹಾಕಿದರು. ಮೆಷಿನ್ ಗಾಳಿ ಎಳೆದುಕೊಳ್ಳುವ ಜಾಲರಿಯ ಪಕ್ಕದಲ್ಲೇ ಮುಡಿ ತೆಗೆಯುವ ಶೆಡ್ಡು! ಮುರುಗನಿಗೆ ಮುಡಿ ಕೊಟ್ಟವರ ಕೂದಲಿನ ಚೂರುಗಳನ್ನೆಲ್ಲ ನಮ್ಮ ಮೆಷಿನ್ ಸೇದಿಕೊಂಡು ಕೂತಿತ್ತು. ಫಿಲ್ಟರ್ ಕಳಚಿದರೆ ಕಂಬಳಿ ಹಾಗೆ ಒಂದು ಪದರವೇ ಕೈಗೆ ಬಂತು.

“ಸಾರ್, ಇದುಕ್ಕೆ ಗ್ಯಾಸು ಬ್ಯಾಡ, ಬಾಚಣಿಗೆ ಬೇಕು,” ಎಂದರು ಮಾಮ, ನಗೆಯ ಭರದಲ್ಲಿ ಮನೆಯ ಕನ್ನಡದಲ್ಲೇ.

ಮ್ಯಾನೇಜರಿಗೆ ಕನ್ನಡ ತಿಳಿಯದೆ ನನ್ನ ಮುಖ ನೋಡಿದರು. ನಾನು ತಮಿಳಿನಲ್ಲಿ ಹೇಳಿದ ಮೇಲೆ ತಮ್ಮ ಬೋಳು ತಲೆ ಸವರಿಕೊಂಡು ನಕ್ಕರು. ಹೆಚ್ಚಾಗಿದ್ದ ಗ್ಯಾಸನ್ನು ನಾವು ಬೇರೆ ಸಿಲಿಂಡರಿಗೆ ಇಳಿಸಿಕೊಂಡು, ಫಿಲ್ಟರ್ ತೊಳೆದು ಬಂದೆವು. ಮೊದಲು ಗಾಳಿಯ ದಾರಿ ನೋಡಿ, ಆಮೇಲೆ ಗ್ಯಾಸಿನ ಮಾತು. ಗ್ಯಾಸು ಎಣ್ಣೆಯಂತೆ ಉರಿದು ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಆ ತೂತು ಹುಡುಕದೆ ತುಂಬಬೇಡಿ.

ತೂತು ಹುಡುಕುವುದಕ್ಕೇ ಇತ್ತು ಮಾಮನ ದೀಪ.

ಅಂಗೈಯಲ್ಲಿ ಹಿಡಿಯುವಷ್ಟು ಹಿತ್ತಾಳೆ ದೀಪ. ಎಣ್ಣೆಯ ಬದಲು ಸ್ಪಿರಿಟ್. ಬತ್ತಿಯ ಮೇಲೆ ತಾಮ್ರದ ತಂತಿಯ ಸುರುಳಿಯೊಂದನ್ನು ಮಾಮ ತಾವೇ ಕಟ್ಟಿದ್ದರು. ಉರಿಯಲ್ಲಿ ತಾಮ್ರ ಕೆಂಪಗೆ ಕಾದಿರುವಾಗ ಆ ಕಾಲದ ಗ್ಯಾಸು ಅದಕ್ಕೆ ಸೋಕಿದರೆ ಉರಿಯೆಲ್ಲ ಹಸಿರಾಗುತ್ತಿತ್ತು. ಪೈಪಿನ ಒಂದೊಂದು ಜೋಡಣೆಯ ಹತ್ತಿರ ದೀಪ ಹಿಡಿದು ಹೋಗುವುದು, ಎಲ್ಲಿ ಹಸಿರು ಕಂಡಿತೋ ಅಲ್ಲಿ ಸೋರಿಕೆ. ಅಂಗಡಿಗಳಲ್ಲಿ ಸಿಗುತ್ತಿದ್ದ ಟಾರ್ಚಿನಲ್ಲೂ ಇದೇ ಉಪಾಯವಿತ್ತು. ಮಾಮನದು ಅದರ ಮನೆಯ ಅವತಾರ.

ಆದರೆ ಮಾಮನಿಗೆ ಅದು ಬರೀ ಉಪಕರಣವಾಗಿರಲಿಲ್ಲ. ನಮ್ಮವರಲ್ಲಿ ಹೊಸ ಬಾವಿಗೆ ಮೋಟಾರು ಇಳಿಸಲಿ, ಹೊಸ ಟ್ರ್ಯಾಕ್ಟರ್ ತರಲಿ, ದೀಪ ತೋರಿಸದೆ ಓಡಿಸುವುದಿಲ್ಲ. ಮಾಮ ಎರಡನ್ನೂ ಒಂದು ಮಾಡಿಬಿಟ್ಟಿದ್ದರು. ಹೊಸ ಮೆಷಿನ್ ಶುರು ಮಾಡುವ ದಿನ ದೀಪಕ್ಕೆ ವಿಭೂತಿ ಬಳಿದು, ಹಚ್ಚಿ, ಮೂರು ಸುತ್ತು ತೋರಿಸಿ, ಮೆಷಿನ್ನಿನ ಕಾಲ ಬಳಿ ನೆಲದ ಮೇಲೆ ಇಡುತ್ತಿದ್ದರು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿದೇ ಹರಿಯುತ್ತದೆ. ದೀಪ ಹಳದಿಯಾಗಿಯೇ ಉರಿದರೆ ದೇವರಿಗೂ ಸಂತೋಷ, ಮೆಷಿನ್ನಿಗೂ ಕ್ಷೇಮ. ವೀರಮ್ಮತ್ತೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

“ಎಣ್ಣೆ ಇಲ್ದಿದ್ ದೀಪ ಸಾಮಿಗೆ ಸೇರ್ತದಾ? ಆಸ್ಪತ್ರೆ ವಾಸ್ನೆ ಬತ್ತದೆ,” ಎನ್ನುತ್ತಿದ್ದರು. ಹಾಗೆನ್ನುತ್ತಲೇ ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ ಕೊಡುತ್ತಿದ್ದರು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆ ಹಸಿರು ನೋಡಲು ಚಂದ, ಆದರೆ ಬೆಂಕಿಗೆ ಬಿದ್ದ ಗ್ಯಾಸಿನಿಂದ ಏಳುವ ಹೊಗೆ ವಿಷ. ಗಂಟಲಿಗೆ ಖಾರದಪುಡಿ ಉಜ್ಜಿದಂತಾಗುತ್ತದೆ. ಹಸಿರು ಕಂಡ ತಕ್ಷಣ ಮಾಮ ನನ್ನ ಕತ್ತು ಹಿಡಿದು ಆಚೆ ತಳ್ಳುತ್ತಿದ್ದರು, ತಾವು ಮಾತ್ರ ಬಾಗಿಕೊಂಡೇ ಇರುತ್ತಿದ್ದರು. ವಯಸ್ಸಾದ ಮೇಲೆ ಅವರಿಗೆ ಒಂದು ಒಣಕೆಮ್ಮು ಅಂಟಿಕೊಂಡಿತು. ಬೀಡಿಯಿಂದಲೋ ಹಸಿರಿನಿಂದಲೋ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ನನಗೆ ಆ ಕೆಮ್ಮು ಕೇಳಿದಾಗಲೆಲ್ಲ ಕತ್ತಿನ ಮೇಲೆ ಅವರ ಕೈ ನೆನಪಾಗುತ್ತಿತ್ತು.

ದಿಂಡಿಗಲ್ಲಿನ ಒಂದು ಆಸ್ಪತ್ರೆಯಲ್ಲಿ ನಡೆದದ್ದು ನನ್ನ ಕೆಲಸಕ್ಕೆ ಬುನಾದಿಯಾಯಿತು. ಆಪರೇಷನ್ ಥಿಯೇಟರಿನ ಮೆಷಿನ್. ಸೋರುತ್ತಿದ್ದ ಪೈಪಿಗೆ ಬೆಸುಗೆ ಹಾಕಿದ್ದೆವು. ಹೊಸ ಗ್ಯಾಸ್ ತುಂಬುವ ಮೊದಲು ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಬೇಕು. ಅರ್ಧಕ್ಕೇ ನಮ್ಮ ನೈಟ್ರೋಜನ್ ಖಾಲಿ. ತೇನಿಗೆ ಹೋಗಿ ತರುವಷ್ಟರಲ್ಲಿ ಸಂಜೆಯಾಗುತ್ತದೆ. ಮರುದಿನ ಬೆಳಿಗ್ಗೆ ಆಪರೇಷನ್ ಇದೆ ಎಂದು ನರ್ಸಮ್ಮ ಬಂದು ಬಂದು ಕೇಳುತ್ತಿದ್ದರು. ಅಲ್ಲಿನ ವಾರ್ಡು ನೋಡಿಕೊಳ್ಳುವವನು ಒಳ್ಳೆಯ ಮನುಷ್ಯ, ನಮ್ಮ ಪಾಡು ನೋಡಲಾರದೆ ಒಂದು ಆಕ್ಸಿಜನ್ ಸಿಲಿಂಡರನ್ನೇ ಉರುಳಿಸಿಕೊಂಡು ಬಂದ.

“ಇದೆ ಪೋಡುಂಗಣ್ಣೇ. ಎಲ್ಲಾಂ ಕಾತ್ತುದಾನೇ!” ಎಂದ. ಇದನ್ನೇ ಹಾಕಿ, ಎಲ್ಲವೂ ಗಾಳಿಯೇ ತಾನೇ, ಎಂದು ಅವನ ಲೆಕ್ಕ.

ನನಗೂ ಅದು ಸರಿ ಎನಿಸಿತು. ಸ್ಪ್ಯಾನರ್ ಎತ್ತಿದ್ದೇ ತಡ, ಹಿಂದಿನಿಂದ ಒಂದು ಕೂಗು ಬಂತು.

“ನಿಲ್ಲು!”

ಮಾಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಓಡಿ ಬಂದವರೇ ಮಲಗಿಸಿದ್ದ ಆ ಸಿಲಿಂಡರಿನ ಮೇಲೆ ಕುದುರೆ ಹತ್ತಿದಂತೆ ಕೂತುಬಿಟ್ಟರು. ಕೂತು ಕೆಮ್ಮಿದರು, ಬೆವರೊರೆಸಿದರು, ಆಮೇಲೆ ಮೆಲ್ಲಗೆ ವಿವರಿಸಿದರು. ಕಂಪ್ರೆಸರಿನ ಒಳಗೆ ಎಣ್ಣೆ ಇದೆ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದರೆ ಬೆಂಕಿಕಡ್ಡಿಯೂ ಬೇಕಿಲ್ಲ, ಮೆಷಿನ್ನೇ ಬಾಂಬು. ಗೋಡೆಯ ಆಚೆ ರೋಗಿಗಳು ಮಲಗಿದ್ದರು. ನಾನು ಸ್ಪ್ಯಾನರ್ ಕೆಳಗಿಟ್ಟೆ. ಆ ವಾರ್ಡಿನವನಂತೂ ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತ.

ವಾಪಸ್ಸು ಬರುವಾಗ ವತ್ತಲಗುಂಡುವಿನಲ್ಲಿ ಟೀ ಕುಡಿಯುತ್ತಾ ಮಾಮ ಹೇಳಿದರು:

“ಇನ್ಮೇಲೆ ನಮ್ಮ ವೇಲೆಲಿ ಇದೊಂದು ಮಾತು ಇರ್ಲಿ. ಯಾರು ನಿಲ್ಲು ಅಂದ್ರೂ ಕೈ ನಿಂತ್ಬುಡ್ಬೇಕು. ಯಾಕೆ ಏನು ಅಂತ ಆಮೇಕೆ ಕೇಳು. ಅನ್ನೋನು ದೊಡ್ಡೋನಾ ಚಿಕ್ಕೋನಾ ಅಂತ ನೋಡ್ಬ್ಯಾಡ. ನಾಳೆ ನಿಂಗೆ ಏನಾದ್ರೂ ಕಂಡ್ರೆ ನಂಗೂ ಅನ್ನು.”

“ನಿಮ್ಗೆ ಅನ್ನಾಕಾಗ್ತದಾ ಮಾಮಾ?” ಎಂದೆ.

“ನಾನೇನ್ ಸಾಮಿನಾ? ಅನ್ನು.”

ಮಾಮ ಹೇಳಿದ ವೇಲೆ ಎಂದರೆ ತಮಿಳಿನಲ್ಲಿ ಕೆಲಸ, ನಿಲ್ಲು ಎಂಬ ಮಾತಂತೂ ತಮಿಳಿನಲ್ಲೂ ಅದೇ. ಹಾಗಾಗಿ ನಮ್ಮೊಡನೆ ಕೆಲಸ ಮಾಡಿದ ಎಲ್ಲರಿಗೂ ಅದು ಒಗ್ಗಿತು. ಆಮೇಲಿನ ವರ್ಷಗಳಲ್ಲಿ ಮಾಮ ನನಗೆ ಎಷ್ಟೋ ಸಲ ನಿಲ್ಲು ಎಂದು ಹೇಳಿದರು. ಗ್ಯಾಸ್ ಬೇಗ ಇಳಿಯಲೆಂದು ಸಿಲಿಂಡರಿಗೆ ಬೆಂಕಿ ತೋರಿಸಲು ಹೋದ ಒಬ್ಬನಿಗೆ ನಾನು ಹೇಳಿದೆ. ಬೆಂಕಿ ತೋರಿಸಬಾರದು, ತೀರಾ ಬೇಕಾದರೆ ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಬೇಕು, ಅಷ್ಟೇ. ಕೈಗವಸು ಹಾಕದೆ ಹೋಸ್ ಬಿಚ್ಚುವವರಿಗೆ, ಕನ್ನಡಕವನ್ನು ಕಣ್ಣಿಗೆ ಬಿಟ್ಟು ಹಣೆಗೆ ಹಾಕಿಕೊಳ್ಳುವ ಶೋಕಿಲಾಲರಿಗೆ, ಎಲ್ಲರಿಗೂ ಹೇಳಿದೆ. ಮಾಮನಿಗೆ ಹೇಳುವ ಪ್ರಸಂಗ ಮಾತ್ರ ಬರಲೇ ಇಲ್ಲ. ಅವರ ಕೈ ತಪ್ಪುತ್ತಿರಲಿಲ್ಲ.

ಕಾಲ ತಪ್ಪಿತು ಎನ್ನಬೇಕು. ಹಳೆಯ ಗ್ಯಾಸು ಆಕಾಶಕ್ಕೆ ಕೆಡುಕೆಂದು ಒಂದೊಂದಾಗಿ ನಿಂತುಹೋಯಿತು. ಹೊಸ ಗ್ಯಾಸುಗಳು ಬಂದವು. ಎರಡು ಮೂರು ಬೆರಕೆ ಮಾಡಿದ ಗ್ಯಾಸುಗಳನ್ನು ಸಿಲಿಂಡರಿನಿಂದ ದ್ರವವಾಗಿಯೇ ತೆಗೆದು ಮೆಲ್ಲಗೆ ಬಿಡಬೇಕು, ಇಲ್ಲದಿದ್ದರೆ ಬೆರಕೆಯ ಪ್ರಮಾಣ ಕೆಡುತ್ತದೆ. ಅಂಗೈಯ ಜಾಗಕ್ಕೆ ತಕ್ಕಡಿ ಬಂತು. ದೀಪದ ಜಾಗಕ್ಕೆ ಮೂಗಿನಂಥ ಕೊಳವೆಯ, ಪೀಂ ಪೀಂ ಎನ್ನುವ ಬ್ಯಾಟರಿ ಯಂತ್ರ. ಮಾಮನ ಬೆರಳು ನಡುಗತೊಡಗಿದ್ದವು. ಒಂದು ದಿನ ಅಂಗಡಿಯ ಬೀಗದಕೈ ನನ್ನ ಕೈಗಿಟ್ಟು, ಊರಿಗೆ ಹೋಗಿ ತೆಂಗಿನ ಸಸಿ ನೋಡಿಕೊಳ್ಳುತ್ತೇನೆ ಎಂದು ಹೊರಟುಬಿಟ್ಟರು. ದೀಪ ಅವರ ಜೊತೆಗೇ ಹೋಯಿತು.

ಈಗಿನ ಮೆಷಿನ್ನುಗಳಲ್ಲಿ ಹೆಚ್ಚಾಗಿ ಇರುವ ಗ್ಯಾಸಿನ ಸಿಲಿಂಡರ್ ಮೇಲೆ ಬೆಂಕಿಯ ಗುರುತು ಇರುತ್ತದೆ. ಮೆಲ್ಲಗೆ ಹತ್ತುವ ಗ್ಯಾಸು ಎನ್ನುತ್ತಾರೆ. ಬಯಲಿನಲ್ಲಿ ಅಷ್ಟು ಭಯವಿಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಸೋರಿ ನೆಲದ ಮೇಲೆ ನಿಂತರೆ, ಅಲ್ಲೊಂದು ಉರಿ ಇದ್ದರೆ, ಆಗ ಭಯ ಪಡಲೇಬೇಕು.

ನಾನು ನಿವೃತ್ತನಾಗುವ ಹೊತ್ತಿಗೆ ಚಿನ್ನಮನೂರಿನ ರುಕ್ಕಮ್ಮಕ್ಕ ತಮ್ಮ ಕಲ್ಯಾಣ ಮಂಟಪಕ್ಕೆ ಹೊಸ ಮೆಷಿನ್ ಹಾಕಿಸಿದರು. ನಮ್ಮವರೇ. ತೀರಿಹೋದ ಅವರ ಯಜಮಾನರು ಕಟ್ಟಿಸಿದ ಮಂಟಪ, ಅಲ್ಲಿನ ಮೊದಲ ಮೆಷಿನ್ ಕೂರಿಸಿದ್ದು ಬೊಮ್ಮಯ್ಯ ಮಾಮ. ಅಕ್ಕನಿಗೆ ಒಂದೇ ಹಟ, ಹೊಸದಕ್ಕೂ ಮಾಮನೇ ಬಂದು ದೀಪ ತೋರಿಸಬೇಕು.

“ಅಕ್ಕಾ, ದೀಪ ಮುಂದ್ಗಡೆ ಪಿಳ್ಳೆಯಾರ್ ಮುಂದೆ ಇಡ್ಲಿ. ಮೆಷಿನ್ ರೂಮೊಳಕ್ಕೆ ಬ್ಯಾಡ. ಇದು ಬೇರೆ ಗ್ಯಾಸು,” ಎಂದೆ. ಪಿಳ್ಳೆಯಾರ್ ಎಂದರೆ ಮಂಟಪದ ಮುಂದಿನ ಗಣಪತಿ.

“ಆಮಾ ಪೆರುಮಾಳು, ತಿಳೀತು. ಮಾಮಂಗೆ ನಾನ್ ಯೋಳ್ತೀನಿ ಬುಡು,” ಎಂದರು.

ನಾನೂ ಹೇಳೋಣವೆಂದು ಹಿಂದಿನ ದಿನ ಮಾರ್ಕಯನ್‌ಕೋಟ್ಟೈಗೆ ಹೋದೆ. ಮಾಮ ಜಗಲಿಯ ಮೇಲೆ ಕೂತು ದೀಪಕ್ಕೆ ಹೊಸ ತಾಮ್ರದ ಸುರುಳಿ ಕಟ್ಟುತ್ತಿದ್ದರು. ಬೆರಳು ನಡುಗಿ ತಂತಿ ಜಾರುತ್ತಿತ್ತು, ಮತ್ತೆ ಎತ್ತಿ ಸುತ್ತುತ್ತಿದ್ದರು. “ಎಷ್ಟೋ ದಿನ ಆದ್ಮೇಕೆ ಕರ್ದವ್ರೆ ಅಳಿಯಾ,” ಎಂದು ಮಗುವಿನಂತೆ ನಕ್ಕರು. ಆ ಮುಖಕ್ಕೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹೇಗೂ ಅಕ್ಕ ಹೇಳುತ್ತಾರಲ್ಲ ಎಂದುಕೊಂಡು ತಂತಿಯ ತುದಿ ಹಿಡಿದುಕೊಟ್ಟು ಬಂದೆ. ರುಕ್ಕಮ್ಮಕ್ಕನೂ ನನ್ನ ಹಾಗೆಯೇ ಪೆರುಮಾಳು ಹೇಳಿರುತ್ತಾನೆ ಎಂದುಕೊಂಡಿದ್ದರಂತೆ. ನಮ್ಮ ಜನವೇ ಹೀಗೆ, ಹಿರಿಯರಿಗೆ ಇಲ್ಲ ಎನ್ನುವ ಕೆಲಸವನ್ನು ಒಬ್ಬರು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತೇವೆ.

ಆ ದಿನದ ಕೆಲಸದಲ್ಲಿ ನಾನು ಒಂದನ್ನೂ ಬಿಟ್ಟಿರಲಿಲ್ಲ. ನೈಟ್ರೋಜನ್ ಒತ್ತಡ ರಾತ್ರಿಯಿಡೀ ಕದಲದೆ ನಿಂತಿತ್ತು. ಬೆಳಿಗ್ಗೆ ವ್ಯಾಕ್ಯೂಮ್ ಪಂಪು ಹಚ್ಚಿ ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆದು ತೆಗೆದೆ. ಗ್ಯಾಸ್ ಬಿಟ್ಟು, ಪೈಪು ಉದ್ದವಾಗಿದ್ದರಿಂದ ಇನ್ನಷ್ಟು ಬೇಕಾದದ್ದನ್ನು ತಕ್ಕಡಿ ನೋಡಿ ತುಂಬಿದೆ. ವೇದಿಕೆಯ ಹಿಂದಿನ ಪುಟ್ಟ ಕೋಣೆಯಲ್ಲಿ ಮೆಷಿನ್, ಅದರ ಕಂಪ್ರೆಸರು, ವಾಲ್ವು ಮಹಡಿಯ ಮೇಲೆ. ಅಲ್ಲಿನ ಜೋಡಣೆಗಳಿಗೆಲ್ಲ ಪೀಂ ಪೀಂ ಯಂತ್ರ ಹಿಡಿದೆ, ಸದ್ದಿಲ್ಲ. ಮುಹೂರ್ತಕ್ಕೆ ಸ್ವಿಚ್ ಒತ್ತುವುದೊಂದೇ ಬಾಕಿ. ಸಾಮಾನು ಎತ್ತಿಡಲು ಮಹಡಿಗೆ ಹೋದೆ.

ಅಷ್ಟರಲ್ಲಿ ಅಲಂಕಾರದವರು ಬಂದರು. ನಮ್ಮ ಕಣಿವೆಯಲ್ಲಿ ಶುಭಕಾರ್ಯ ಎಂದರೆ ಬಾಗಿಲಿಗೆ ಬಾಳೆಗಿಡ. ಪೇಟೆಯವರ ಹಾಗೆ ಒಣಕಲು ಕಂದು ತಂದು ಕಟ್ಟಿದರೆ ಮರ್ಯಾದೆ ಹೋಯಿತು. ಗೊನೆ ಸಮೇತ ಗಿಡ ಬೇಕು, ಗೊನೆ ದೊಡ್ಡದಿದ್ದಷ್ಟೂ ಹೆಸರು. ಅಕ್ಕನ ತೋಟದಿಂದ ಎರಡು ಗಿಡ ಬಂದಿದ್ದವು, ಒಂದೊಂದು ಗೊನೆಯೂ ಇಬ್ಬರು ಹೊರುವಂಥದು. ಮಂಟಪದ ಮುಂಬಾಗಿಲಿಗೆ ಒಂದು. ಇನ್ನೊಂದನ್ನು ಹೊಸ ಮೆಷಿನ್ನಿಗೂ ಗೌರವ ಬೇಡವೇ ಎಂದು ಕೋಣೆಯ ಒಳಗೇ ಸಾಗಿಸಿ, ಕಟ್ಟಲು ಬೇರೆ ಕಂಬ ಸಿಗದೆ, ನನ್ನ ತಾಮ್ರದ ಪೈಪಿಗೇ ಹಗ್ಗ ಬಿಗಿದು ನಿಲ್ಲಿಸಿ, ಬಾಗಿಲು ಮುಂದಕ್ಕೆ ತಳ್ಳಿ ಹೋಗಿದ್ದರು.

ನಾನು ಹಿಂದಿನ ಮೆಟ್ಟಿಲಿಳಿದು ಬಂದು ಬಾಗಿಲು ತೆರೆದೆ. ಪೈಪು ಬಿಲ್ಲಿನಂತೆ ಬಾಗಿತ್ತು. ನಟ್ಟಿನ ಬುಡದಲ್ಲಿ ಹೊಸ ಎಣ್ಣೆಯ ಜಿಡ್ಡು. ಗ್ಯಾಸ್ ಸೋರುವಾಗ ಒಳಗಿನ ಎಣ್ಣೆಯೂ ಹೀಗೇ ಇಣುಕುತ್ತದೆ. ಈ ಗ್ಯಾಸಿಗೆ ಮೂಗಿಗೆ ತಿಳಿಯುವ ವಾಸನೆಯಿಲ್ಲ. ಎಷ್ಟು ಹೊತ್ತಿನಿಂದ ಸೋರಿ ನೆಲದ ಮೇಲೆ ನಿಂತಿದೆಯೋ ದೇವರೇ ಬಲ್ಲ.

ಅದೇ ಹೊತ್ತಿಗೆ ನಾಗಸ್ವರ ಹತ್ತಿರವಾಯಿತು. ತಿರುಗಿ ನೋಡಿದರೆ ವೇದಿಕೆಯ ಪಕ್ಕದ ಓಣಿಯಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಜರಿ ಶಲ್ಯ, ಎರಡೂ ಕೈಯಲ್ಲಿ ಉರಿಯುವ ದೀಪ ಹಿಡಿದು ಬೊಮ್ಮಯ್ಯ ಮಾಮ ಬರುತ್ತಿದ್ದರು. ಹಿಂದೆ ರುಕ್ಕಮ್ಮಕ್ಕ ಹಾಲು, ಹೂವಿನ ತಟ್ಟೆ ಹಿಡಿದು, ಅವರ ಹಿಂದೆ ನಮ್ಮ ಜನವೆಲ್ಲ. ಮಾಮನ ಮುಖದಲ್ಲಿ ಅಂಥ ಬೆಳಕನ್ನು ಅವರು ಅಂಗಡಿ ಬಿಟ್ಟ ಮೇಲೆ ನಾನು ನೋಡಿರಲಿಲ್ಲ.

“ನಿಲ್ಲು ಮಾಮಾ!”

ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿತು. ನಾಗಸ್ವರ ಅರ್ಧಕ್ಕೇ ನಿಂತಿತು. ಮಾಮನ ಒಂದು ಕಾಲು ಮುಂದಿತ್ತು, ಅದು ಅಲ್ಲೇ ನಿಂತಿತು. ಕೈ, ಕಾಲು, ಕಣ್ಣು, ಯಾವುದೂ ಅಲುಗಲಿಲ್ಲ. ಹಿಂದಿನಿಂದ ರುಕ್ಕಮ್ಮಕ್ಕನ ಮೈದುನ ಗದರಿದರು:

“ಯಾರ್ಗೆ ಯೋಳ್ತಿದ್ದೀಯ ತಿಳೀತದಾ ಪೆರುಮಾಳು? ದೊಡ್ಡೋರು ದೀಪ ಇಡ್ಕೊಂಡು ಬರ್ವಾಗ ಅಡ್ಡ ನಿಲ್ತೀಯಾ?”

ಮಾಮ ತಿರುಗಲಿಲ್ಲ. ನನ್ನನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

“ಪೊರಪ್ಪಾ. ಅವ್ನು ನಿಲ್ಲು ಅಂದವ್ನೆ.”

ಯಾಕೆ ಎಂದು ಕೇಳಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು, ಜನರನ್ನೂ ಹಿಂದಕ್ಕೆ ಸರಿಸಿ, ಓಣಿ ದಾಟಿ ಅಂಗಳಕ್ಕೆ ಹೋದರು. ನಾನೂ ಹಿಂದೆಯೇ ಹೋದೆ. ದೀಪವನ್ನು ಬಾಯಿಂದ ಊದಬಾರದಲ್ಲ. ಅಕ್ಕನ ತಟ್ಟೆಯಿಂದ ಒಂದು ಸಂಪಿಗೆ ತೆಗೆದು ಹಾಲಿಗೆ ಅದ್ದಿ, ಬತ್ತಿಯ ಮೇಲಿಟ್ಟು ದೀಪ ಶಾಂತ ಮಾಡಿದರು. ಹೊಸದಾಗಿ ಕಟ್ಟಿದ ತಾಮ್ರದ ಸುರುಳಿಗೆ ಹಾಲು ತಾಗಿ ಚುರ್ ಎಂದಿತು. ಆಮೇಲೆ ನನ್ನ ಕಡೆ ನೋಡಿದರು. ಆಗ ನಾನು ಎಲ್ಲ ಹೇಳಿದೆ.

ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿ, ಮಹಡಿಯ ವಾಲ್ವು ಮುಚ್ಚಿ, ಕೋಣೆಯ ಬಾಗಿಲು, ಹಿಂದಿನ ಕಿಟಕಿ ತೆರೆದಿಟ್ಟೆವು. ಸಾಕಷ್ಟು ಹೊತ್ತು ಕಳೆದ ಮೇಲೆ ಯಂತ್ರ ಹಿಡಿದು ಹೊರಟೆ. ಮಾಮ ಕೈ ಚಾಚಿದರು. ಕೊಟ್ಟೆ. ಹಿಂದೆ ದೀಪ ಹಿಡಿಯುತ್ತಿದ್ದ ಹಾಗೆಯೇ ಬಾಗಿ, ಮೊದಲು ಹೊಸ್ತಿಲು, ಆಮೇಲೆ ನೆಲ, ಆಮೇಲೆ ಪೈಪು, ಮೆಲ್ಲಗೆ ಹಿಡಿಯುತ್ತಾ ಹೋದರು. ಗಾಳಿಯಾಡಿದ್ದ ಕೋಣೆ ಸುಮ್ಮನಿತ್ತು. ನಟ್ಟಿನ ಹತ್ತಿರ ಬಂದಾಗ ಪೀಂ ಎಂದಿತು. ಪೈಪಿನಲ್ಲಿ ಉಳಿದದ್ದು ಇನ್ನೂ ಸೋರುತ್ತಿತ್ತು.

“ದೀಪ ಇಟ್ಟಿದ್ರೆ ಅಸ್ರು ಆಗ್ತಿರ್ಲಿಲ್ಲ ಅಲ್ವಾ ಅಳಿಯಾ?” ಎಂದರು.

“ಇಲ್ಲ ಮಾಮಾ. ರೂಮೇ ಅತ್ಕೊಳ್ತಿತ್ತು.”

ಅಲಂಕಾರದವರು ಬಾಳೆಗಿಡ ಬಿಚ್ಚಿ ಹೊರಗೆ ಸಾಗಿಸಿದರು. ನಾನು ಉಳಿದ ಗ್ಯಾಸ್ ಇಳಿಸಿಕೊಂಡು, ಜೋಡಣೆ ಕತ್ತರಿಸಿ ಹೊಸದು ಮಾಡಿ, ಒತ್ತಡ, ವ್ಯಾಕ್ಯೂಮ್, ತೂಕ, ಎಲ್ಲ ಮೊದಲಿನಿಂದ ಮಾಡಿದೆ. ಮುಹೂರ್ತ ಯಾವಾಗಲೋ ದಾಟಿತ್ತು. ಜನ ಬಾಳೆಲೆಯ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತಾ ಊಟ ಮಾಡಿದರು. ಗದರಿದ ಮೈದುನನೇ ನನಗೆ ಮಜ್ಜಿಗೆ ತಂದುಕೊಟ್ಟರು. “ನನ್ ಮದ್ವೆಲೂ ಇಂಗೇ ಎಲ್ಲಾ ಬೆವ್ರಿದ್ರು, ಅದೇನ್ ಕೆಟ್ಟೋಯ್ತಾ?” ಎಂದು ರುಕ್ಕಮ್ಮಕ್ಕ ಎಲ್ಲರನ್ನೂ ನಗಿಸಿದರು. ಇಳಿಹೊತ್ತಿಗೆ ಅವರೇ ಸ್ವಿಚ್ ಒತ್ತಿದರು. ದೀಪವನ್ನು ಪಿಳ್ಳೆಯಾರ್ ಮುಂದೆ ಮಾಮ ಮತ್ತೆ ಹಚ್ಚಿದರು.

ಎಲ್ಲರೂ ನಕ್ಕರು, ಮಾಮ ನಗಲಿಲ್ಲ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಾರ್ಕಯನ್‌ಕೋಟ್ಟೈಗೆ ಹೊರಟೆ. ದಾರಿಯುದ್ದಕ್ಕೂ ಭತ್ತದ ಗದ್ದೆ, ತೆಂಗು, ತಣ್ಣನೆ ಗಾಳಿ. ಬೆನ್ನ ಹಿಂದೆ ಮಾಮನ ಕೆಮ್ಮು. ಅಷ್ಟು ಜನರ ಎದುರಿಗೆ, ಅವರ ಕೊನೆಯ ಗೌರವದ ದಿನ, ಅವರನ್ನು ಕೂಗಿ ನಿಲ್ಲಿಸಿದೆನಲ್ಲ ಎಂದು ನನಗೆ ಸಂಕಟ. ನಿಲ್ಲಿಸಲೇಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೂ ಸಂಕಟ ಸಂಕಟವೇ.

ಮನೆಯಲ್ಲಿ ಅತ್ತೆ ಎರಡು ಎಲೆ ಹಾಕಿದ್ದರು. ಮಂಡಿನೋವಿನಿಂದ ಮಂಟಪಕ್ಕೆ ಬಂದಿರಲಿಲ್ಲ.

“ಎಂಗಾಯ್ತು? ದೀಪ ಚೆಂದಾಗಿ ಉರೀತಾ?” ಎಂದು ಕೇಳಿದರು.

ಮಾಮ ಕೈಕಾಲು ತೊಳೆದು ಬಂದು ನನ್ನ ಭುಜ ಹಿಡಿದು ಮೊದಲು ನನ್ನನ್ನು ಕೂರಿಸಿದರು. ಆಮೇಲೆ ತಾವು ಕೂತರು.

“ನಮ್ಮೋನು ನಿಲ್ಲು ಅಂದ. ನಾನು ನಿಂತೆ,” ಎಂದರು. ಆಗ ಅವರ ಮುಖದಲ್ಲಿ ನಗು ಬಂತು.

ಅತ್ತೆಗೆ ಅರ್ಥವಾಗಲಿಲ್ಲ. ಎಂದಿನಂತೆ ಮೊದಲ ಸೌಟು ಅನ್ನವನ್ನು ಮಾಮನ ಎಲೆಯ ಕಡೆಗೆ ಒಯ್ದರು. ಮಾಮ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.

“ಮೊದ್ಲು ಅವ್ನಿಗೆ ಇಕ್ಕು,” ಎಂದರು.